ಎರಡು ವರ್ಷದ ಗಣಕ ಪದವಿ: ವೆಚ್ಚ ಮತ್ತು ಫಲಗಳ ವಿಮರ್ಶೆ

ಪದವಿ ತರಗತಿಯ ಕಡೆಯ ವರ್ಷದ ವಿದ್ಯಾರ್ಥಿಗಳು ಅಧ್ಯಾಪಕರ ಮುಂದೆ ಇಡುವ ಪ್ರಶ್ನೆಗಳಲ್ಲಿ, ಎಂ.ಸಿ.ಎ. ವ್ಯಾಸಂಗಕ್ಕೆ ಸೇರುವುದು ಲಾಭಕರವೇ ಎಂಬುದು ಈಗ ಪ್ರಮುಖವಾದುದಾಗಿದೆ. ಗಣಕ ವಿಜ್ಞಾನದ ಅಧ್ಯಾಪಕರನ್ನಷ್ಟೇ ಅಲ್ಲದೆ ವಾಣಿಜ್ಯ, ಅರ್ಥಶಾಸ್ತ್ರ, ಇತಿಹಾಸಗಳನ್ನು ಬೋಧಿಸುವವರನ್ನೂ ಅವರು ಹೀಗೆ ಕೇಳುವುದುಂಟು. ಇದಕ್ಕೆ ಸರ್ವಸಾಮಾನ್ಯವಾಗಿ ದೊರೆಯುವ ಉತ್ತರಗಳು ಎರಡು. ಮೊದಲು ಮೂರು ವರ್ಷವಿದ್ದ ಓದು ಈಗ ಎರಡೇ ವರ್ಷಕ್ಕೆ ಮುಗಿಯುವುದರಿಂದ ಶುಲ್ಕವೂ ಕಾಲವೂ ಉಳಿಯಿತು, ಆದ್ದರಿಂದ ಸೇರುವುದೇ ಮೇಲು ಎಂಬುದು ಒಂದು. ಗಣಕದ ಕೆಲಸಕ್ಕೆ ಕೈಪಳಗಿದರೆ ಸಾಕು, ಪದವಿಪತ್ರದಿಂದ ಆಗತಕ್ಕದ್ದೇನೂ ಇಲ್ಲ ಎಂಬುದು ಮತ್ತೊಂದು. ಈ ಎರಡು ಉತ್ತರಗಳು ಪರಸ್ಪರ ವಿರುದ್ಧವಾಗಿ ತೋರಿದರೂ ಅವುಗಳಲ್ಲಿ ಸಮಾನವಾದ ಒಂದು ದೋಷವಿದೆ. ವೆಚ್ಚ ಮಾಡತಕ್ಕವರು ಯಾರು, ಫಲವನ್ನು ಉಣ್ಣತಕ್ಕವರು ಯಾರು ಎಂಬುದನ್ನು ಎರಡೂ ಕೇಳುವುದಿಲ್ಲ. ಎಲ್ಲ ವಿದ್ಯಾರ್ಥಿಗಳ ಲೆಕ್ಕವನ್ನೂ ಒಂದೇ ಪುಟದಲ್ಲಿ ಬರೆಯುತ್ತವೆ.

ಇತಿಹಾಸ ವಿಭಾಗದ ಸಂಶೋಧನ ಸಂಚಿಕೆಯಲ್ಲಿ ಈ ವಿಷಯಕ್ಕೆ ಸ್ಥಾನವೆಲ್ಲಿಯದು ಎಂದು ವಾಚಕರು ಕೇಳಬಹುದು. ಇದಕ್ಕೆ ಎರಡು ಸಮಾಧಾನಗಳುಂಟು. ಒಂದು ಪದವಿಯ ಬೆಲೆಯನ್ನು ಅರಿಯಬೇಕಾದರೆ ಅದು ಏತಕ್ಕಾಗಿ ಹುಟ್ಟಿತು, ಆಮೇಲೆ ಹೇಗೆ ಮಾರ್ಪಟ್ಟಿತು ಎಂಬುದನ್ನು ತಿಳಿಯಬೇಕು. ಇದು ಚರಿತ್ರೆಯ ಕೆಲಸ. ಎರಡನೆಯದಾಗಿ, ವಿದ್ಯಾಸಂಸ್ಥೆಗಳು ತಮ್ಮ ಪದವಿಯ ಫಲವನ್ನು ಕುರಿತು ಹೊರಡಿಸುವ ಪ್ರಕಟಣೆಗಳೂ ಆಕರಗಳೇ. ಆಕರಗಳನ್ನು ಪರೀಕ್ಷಿಸುವ ಕ್ರಮವನ್ನು ನಮ್ಮ ಶಾಸ್ತ್ರ ಬಹು ಕಾಲದಿಂದ ರೂಢಿಸಿಕೊಂಡಿದೆ. ಈ ಎರಡು ಮಾರ್ಗಗಳಿಂದ ಪ್ರಶ್ನೆಯನ್ನು ನೋಡುವುದು ಪ್ರಕೃತ ಲೇಖನದ ಉದ್ದೇಶ.

೧

ನಮ್ಮ ದೇಶದಲ್ಲಿ ಗಣಕಯಂತ್ರಗಳು ಮೊದಲು ಬಂದುದು ಸಂಶೋಧನ ಸಂಸ್ಥೆಗಳಿಗೆ. ೧೯೫೦ರ ದಶಕದ ಮಧ್ಯದಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಇಂಗ್ಲೆಂಡಿನಿಂದ ಒಂದು ಯಂತ್ರವನ್ನು ತರಿಸಿಕೊಂಡಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ತಾನೇ ನಿರ್ಮಿಸಿದ ಯಂತ್ರ ೧೯೬೦ರಲ್ಲಿ ಕೆಲಸಕ್ಕೆ ತೊಡಗಿತು. ೧೯೬೩ರಲ್ಲಿ ಕಾನ್ಪುರದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಗೆ ಐ.ಬಿ.ಎಂ. ೧೬೨೦ ಎಂಬ ಯಂತ್ರ ಬಂದ ಮೇಲೆ ಗಣಕ ವಿದ್ಯೆ ತರಗತಿಯ ಪಾಠವಾಗಿ ನೆಲೆಯೂರಲು ಆರಂಭವಾಯಿತು. ಆದರೆ ಆ ಕಾಲದಲ್ಲಿ ಈ ವಿದ್ಯೆ ಬಹುಮಟ್ಟಿಗೆ ಎಂಜಿನಿಯರಿಂಗ್ ಹಾಗೂ ಗಣಿತ ವಿದ್ಯಾರ್ಥಿಗಳ ಸ್ವತ್ತಾಗಿಯೇ ಇತ್ತು.

೧೯೮೦ರ ಸುಮಾರಿಗೆ ಸನ್ನಿವೇಶ ಬದಲಾಯಿತು. ಬ್ಯಾಂಕು, ವಿಮೆ, ರೈಲ್ವೆ, ಕಾರ್ಖಾನೆಗಳ ಕಚೇರಿಗಳಲ್ಲಿ ಯಂತ್ರವನ್ನು ಬಳಸಬೇಕಾದರೆ ಯಂತ್ರ ಕಟ್ಟುವವರಿಗಿಂತ ಹೆಚ್ಚಾಗಿ, ಕಚೇರಿಯ ವ್ಯವಹಾರವನ್ನು ಅರಿತು ಅದನ್ನು ಯಂತ್ರಕ್ಕೆ ಒಪ್ಪುವ ಕ್ರಮದಲ್ಲಿ ಅಳವಡಿಸುವವರು ಬೇಕಾಗಿದ್ದರು. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಶಾಖೆ ಈ ಕೊರತೆಯನ್ನು ವಿಚಾರಿಸಲು ಪ್ರೊಫೆಸರ್ ವಿ. ರಾಜಾರಾಮನ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ರಾಜಾರಾಮನ್ ಅವರು ಕಾನ್ಪುರದಲ್ಲಿ ಅಧ್ಯಾಪಕರಾಗಿದ್ದು ೧೯೮೨ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದವರು. ಈ ಸಮಿತಿಯ ಸಲಹೆಯಿಂದ ಹುಟ್ಟಿದ್ದೇ ಮೂರು ವರ್ಷದ ಎಂ.ಸಿ.ಎ. ಪದವಿ. ಎಂಜಿನಿಯರಿಂಗ್ ಓದದ, ಆದರೆ ಗಣಿತದ ಪರಿಚಯವುಳ್ಳ ವಿಜ್ಞಾನ, ವಾಣಿಜ್ಯ ಮುಂತಾದ ಶಾಖೆಗಳ ಪದವೀಧರರನ್ನು ಈ ಕ್ಷೇತ್ರಕ್ಕೆ ಕರೆತರುವುದು ಅದರ ಮೂಲೋದ್ದೇಶವಾಗಿತ್ತು.

ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಮೂರು ವರ್ಷವೆಂಬ ಅವಧಿ ಆಕಸ್ಮಿಕವಾದುದಲ್ಲ. ಬಿ.ಎಸ್‌ಸಿ. ಅಥವಾ ಬಿ.ಕಾಂ. ಮುಗಿಸಿ ಬಂದವನು ಗಣಕ ವಿದ್ಯೆಯಲ್ಲಿ ಹೊಸಬ. ಅವನಿಗೆ ಯಂತ್ರದ ರಚನೆ, ಕ್ರಮವಿಧಿ ಬರೆಯುವ ಬಗೆ, ದತ್ತಾಂಶಗಳನ್ನು ಜೋಡಿಸುವ ವಿಧಾನ, ಅದಕ್ಕೆ ಬೇಕಾದ ಗಣಿತ ಇವನ್ನೆಲ್ಲ ಮೊದಲಿನಿಂದ ಹೇಳಿಕೊಡಬೇಕಾಗಿತ್ತು. ಮೊದಲನೆಯ ವರ್ಷ ಹೆಚ್ಚುಕಡಿಮೆ ಈ ಕೆಲಸಕ್ಕೇ ಮೀಸಲಾಗಿತ್ತು. ಅದು ಹೊರಗಿನವನನ್ನು ಒಳಗಿನವನನ್ನಾಗಿ ಮಾಡುವ ವರ್ಷ. ಬೆಂಗಳೂರಿಗೆ ೧೯೮೩ರಲ್ಲಿ ಇನ್ಫೋಸಿಸ್ ಬಂದು, ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ನೆಲೆಸಿ, ೧೯೯೦ರ ದಶಕದಲ್ಲಿ ಈ ಉದ್ಯಮ ಬೆಳೆದಾಗ, ಎಂಜಿನಿಯರಿಂಗ್ ಕಾಲೇಜಿನ ಶುಲ್ಕವನ್ನು ತೆರಲಾರದ ಅಥವಾ ಹದಿನೇಳನೆಯ ವಯಸ್ಸಿನಲ್ಲಿ ಆ ದಾರಿಯನ್ನು ಕಾಣದ ಎಷ್ಟೋ ಮಂದಿಗೆ ಇದು ಎರಡನೆಯ ಬಾಗಿಲಾಯಿತು. ಪದವಿಯ ಸಾಮಾಜಿಕ ಬೆಲೆ ಇದ್ದುದು ಇಲ್ಲಿ.

೨

೨೦೨೦–೨೧ನೆಯ ಸಾಲಿನಿಂದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಎಂ.ಸಿ.ಎ. ಅವಧಿಯನ್ನು ಎರಡು ವರ್ಷಕ್ಕೆ ಇಳಿಸಿತು. ಈ ಕ್ರಮಕ್ಕೆ ಕಾರಣವಿಲ್ಲದಿರಲಿಲ್ಲ. ಅಷ್ಟು ಹೊತ್ತಿಗೆ ಬಿ.ಸಿ.ಎ. ಎಂಬ ಮೂರು ವರ್ಷದ ಪದವಿ ಎಲ್ಲೆಡೆ ಹರಡಿತ್ತು. ಬಿ.ಸಿ.ಎ. ಓದಿದವನಿಗೆ ಎಂ.ಸಿ.ಎ.ಯ ಮೊದಲ ವರ್ಷ ಬಹುಪಾಲು ಪುನರಾವೃತ್ತಿ. ಆದ್ದರಿಂದಲೇ ಅಂಥವರು ನೇರವಾಗಿ ಎರಡನೆಯ ವರ್ಷಕ್ಕೆ ಸೇರುವ ಅವಕಾಶ ಹಿಂದೆಯೇ ಇತ್ತು. ಬಿ.ಸಿ.ಎ. ಮತ್ತು ಮೂರು ವರ್ಷದ ಎಂ.ಸಿ.ಎ. ಸೇರಿ ಆರು ವರ್ಷ. ಎಂಜಿನಿಯರಿಂಗ್ ಪದವಿಗೆ ನಾಲ್ಕೇ ವರ್ಷ. ಒಂದೇ ನೌಕರಿಗೆ ಇಬ್ಬರೂ ಸ್ಪರ್ಧಿಸುವಾಗ ಎರಡು ವರ್ಷದ ಅಂತರ ಸಣ್ಣದಲ್ಲ. ಈಗ ಅದು ಒಂದು ವರ್ಷಕ್ಕೆ ಇಳಿದಿದೆ. ಕರ್ನಾಟಕದಲ್ಲಿ ೨೦೨೧ರಲ್ಲಿ ಬಂದ ನಾಲ್ಕು ವರ್ಷದ ಪದವಿ ವ್ಯವಸ್ಥೆಯನ್ನು ೨೦೨೪ರಲ್ಲಿ ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಮರಳಿದುದರಿಂದ ಈ ಐದು ವರ್ಷದ ಲೆಕ್ಕ ಇಲ್ಲಿ ಹಾಗೆಯೇ ನಿಂತಿದೆ. ಹೆಣ್ಣುಮಕ್ಕಳ ವಿಷಯದಲ್ಲಿ ಈ ಉಳಿತಾಯಕ್ಕೆ ಇನ್ನೊಂದು ಅರ್ಥವೂ ಇದೆ. ಮನೆಯವರು ಮದುವೆಯ ಮಾತೆತ್ತುವ ಮುನ್ನ ಓದು ಮುಗಿದು ನೌಕರಿ ಕೈಗೆ ಬರಬೇಕೆಂಬ ಆತುರದಲ್ಲಿರುವ ಹುಡುಗಿಗೆ ಒಂದು ವರ್ಷವೆಂದರೆ ಹನ್ನೆರಡು ತಿಂಗಳ ಶುಲ್ಕಕ್ಕಿಂತ ಬಹಳ ದೊಡ್ಡದು. ಈ ಗುಣಗಳನ್ನು ಒಪ್ಪದೆ ಟೀಕೆಗೆ ತೊಡಗುವುದು ನ್ಯಾಯವಲ್ಲ.

ಆದರೆ ಅವಧಿಯನ್ನು ಇಳಿಸಿದಾಗ ಬಾಗಿಲನ್ನು ಬಿ.ಸಿ.ಎ. ಓದಿದವರಿಗೆ ಮಾತ್ರ ಮೀಸಲಿಡಲಿಲ್ಲ. ಬಿ.ಎಸ್‌ಸಿ., ಬಿ.ಕಾಂ., ಬಿ.ಎ. ಪದವೀಧರರೂ ಗಣಿತದ ಹಿನ್ನೆಲೆಯಿದ್ದರೆ ಸೇರಬಹುದೆಂದೂ, ಅಂಥವರಿಗೆ ವಿಶ್ವವಿದ್ಯಾನಿಲಯಗಳು ಸೇತುಪಾಠಗಳನ್ನು ನಡೆಸಬೇಕೆಂದೂ ನಿಯಮವಿತ್ತು. ಆಮೇಲೆ ಬಂದ ಪರಿಷತ್ತಿನ ನಿಯಮಾವಳಿಯಲ್ಲಿ ಗಣಿತವಿದ್ದರೆ ಮೇಲು ಎಂಬಷ್ಟಕ್ಕೆ ಷರತ್ತು ಸಡಿಲವಾಗಿ, ಗಣಿತವನ್ನೇ ಓದದವರಿಗೂ ಕಡ್ಡಾಯದ ಸೇತುಪಾಠದ ಮೇಲೆ ಪ್ರವೇಶ ಸಾಧ್ಯವಾಯಿತು. ಆಯಾ ರಾಜ್ಯದ ಪ್ರವೇಶ ನಿಯಮ ಇದಕ್ಕಿಂತ ಬಿಗಿಯಾಗಿರಬಹುದಾದ್ದರಿಂದ ವಿದ್ಯಾರ್ಥಿಗಳು ಅದನ್ನು ಆಯಾ ವರ್ಷವೇ ನೋಡಿಕೊಳ್ಳತಕ್ಕದ್ದು. ಅಂತೂ ಒಟ್ಟು ಫಲವಿದು: ಮನೆಯ ಬಾಗಿಲು ಅಗಲವಾಯಿತು, ಒಳಗಿನ ಪಡಸಾಲೆ ಮೊಟಕಾಯಿತು.

ಒಂದು ವರ್ಷದ ಪಾಠವನ್ನು ಕೆಲವು ವಾರಗಳ ಸೇತುಪಾಠಕ್ಕೆ ಇಳಿಸಿದರೆ ಉಳಿದ ಪಾಠ ಎಲ್ಲಿಗೆ ಹೋಯಿತು? ಅದು ನಾಶವಾಗಲಿಲ್ಲ, ವಿದ್ಯಾರ್ಥಿಯ ಹೆಗಲಿಗೆ ಹೋಯಿತು. ಅವನು ಅದನ್ನು ರಾತ್ರಿಯ ಹೊತ್ತಿನಲ್ಲಿ ತಾನೇ ಕಲಿಯಬೇಕು, ಇಲ್ಲವೆ ಪದವಿ ಮುಗಿದ ಮೇಲೆ ಖಾಸಗಿ ತರಬೇತಿ ಕೇಂದ್ರದಲ್ಲಿ ಹಣ ತೆತ್ತು ಕಲಿಯಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವನಿಗೆ ಇಂಗ್ಲಿಷಿನ ಪಠ್ಯಪುಸ್ತಕದ ಹೊರೆಯೂ ಇದರ ಮೇಲೆ ಬೀಳುತ್ತದೆ. ಮೊದಲಿನ ಮೂರನೆಯ ವರ್ಷಕ್ಕೆ ಅಧ್ಯಾಪಕನಿದ್ದ, ಪ್ರಯೋಗಶಾಲೆಯಿತ್ತು, ಪರೀಕ್ಷೆಯಿತ್ತು. ಈಗಿನ ಅಘೋಷಿತ ಮೂರನೆಯ ವರ್ಷಕ್ಕೆ ಇವು ಯಾವುವೂ ಇಲ್ಲ. ಆದ್ದರಿಂದ ಎಂ.ಸಿ.ಎ. ಬಿ.ಸಿ.ಎ. ಪದವೀಧರನಿಗೆ ನಿಜವಾಗಿಯೂ ಎರಡು ವರ್ಷದ ಪದವಿ. ಇತರರಿಗೆ ಎರಡು ವರ್ಷವೆಂದು ಹೆಸರು ಪಡೆದಿರುವ ಮೂರು ವರ್ಷದ ಪದವಿ. ನಮ್ಮ ವಿಮರ್ಶೆಯ ಮುಖ್ಯಾಂಶ ಇದೇ. ಇದನ್ನು ಅಂಕಿಗಳಿಂದ ಪರಿಶೀಲಿಸೋಣ.

೩

ವಿದ್ಯೆಯ ವೆಚ್ಚವನ್ನು ಬಂಡವಾಳದಂತೆ ಎಣಿಸುವ ಕ್ರಮ ಹೊಸದಲ್ಲ. ೧೭೭೬ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಆಡಂ ಸ್ಮಿತ್ ಅವರು ಹೆಚ್ಚು ಶ್ರಮ, ಕಾಲಗಳನ್ನು ವ್ಯಯಿಸಿ ವಿದ್ಯೆ ಕಲಿತವನನ್ನು ಬೆಲೆಬಾಳುವ ಯಂತ್ರಕ್ಕೆ ಹೋಲಿಸಿ, ಆ ವೆಚ್ಚವೂ ನ್ಯಾಯವಾದ ಲಾಭವೂ ಅವನ ಸಂಪಾದನೆಯಿಂದ ಹಿಂದಿರುಗಬೇಕೆಂದು ವಾದಿಸಿದರು. ಇಂಗ್ಲೆಂಡಿನಲ್ಲಿ ೧೫೬೩ರ ಶಾಸನ ಕಸಬುಗಳಿಗೆ ವಿಧಿಸಿದ್ದ ಏಳು ವರ್ಷದ ಶಿಷ್ಯವೃತ್ತಿ ಅನಾವಶ್ಯಕವಾಗಿ ದೀರ್ಘವೆಂಬುದೂ ಅವರ ಅಭಿಪ್ರಾಯವಾಗಿತ್ತು. ಆ ಕಟ್ಟಳೆ ೧೮೧೪ರಲ್ಲಿ ರದ್ದಾಯಿತು. ಅವಧಿಯನ್ನು ಇಳಿಸಬೇಕೆನ್ನುವವರಿಗೆ ಇದೊಂದು ಹಳೆಯ ಆಧಾರ. ೧೯೬೦ರಲ್ಲಿ ಅಮೆರಿಕದ ಅರ್ಥಶಾಸ್ತ್ರ ಸಂಘದ ಅಧ್ಯಕ್ಷಪೀಠದಿಂದ ಮಾತನಾಡಿದ ಥಿಯೊಡೋರ್ ಷುಲ್ಟ್ಸ್ ಅವರೂ, ೧೯೬೪ರಲ್ಲಿ ಮಾನವ ಬಂಡವಾಳವನ್ನು ಕುರಿತು ಗ್ರಂಥ ಬರೆದ ಗ್ಯಾರಿ ಬೆಕರ್ ಅವರೂ ಈ ವಿಚಾರವನ್ನು ಶಾಸ್ತ್ರೀಯವಾಗಿ ಬೆಳೆಸಿದರು. ವಿದ್ಯಾಭ್ಯಾಸದ ವೆಚ್ಚದಲ್ಲಿ ಶುಲ್ಕ ಒಂದು ಭಾಗ ಮಾತ್ರ. ಓದುವ ಕಾಲದಲ್ಲಿ ಗಳಿಸದೆ ಬಿಟ್ಟ ಸಂಬಳ ಅದರ ಬಹು ದೊಡ್ಡ ಭಾಗ ಎಂಬುದು ಅವರಿಂದ ನಾವು ಕಲಿಯತಕ್ಕ ಪಾಠ.

ನಿದರ್ಶನಕ್ಕಾಗಿ ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. ಇವು ಯಾವ ಕಾಲೇಜಿನ ಅಂಕಿಗಳೂ ಅಲ್ಲ. ಲೆಕ್ಕದ ಕ್ರಮವನ್ನು ತೋರಿಸುವುದಕ್ಕೆ ಮಾತ್ರ ಇಟ್ಟುಕೊಂಡವು. ಬಿ.ಸಿ.ಎ. ಮುಗಿಸಿದ ಒಬ್ಬನಿಗೆ ತಿಂಗಳಿಗೆ ೧೫,೦೦೦ ರೂಪಾಯಿಯ ಕೆಲಸ ಸಿಕ್ಕಿದೆ. ಅವನು ಅದನ್ನು ಬಿಟ್ಟು ಎಂ.ಸಿ.ಎ.ಗೆ ಸೇರುತ್ತಾನೆ. ಎರಡು ವರ್ಷದ ಶುಲ್ಕ ೧,೫೦,೦೦೦; ಪುಸ್ತಕ, ಪರೀಕ್ಷೆ, ಒಂದು ಗಣಕ, ಪರಸ್ಥಳದಲ್ಲಿರುವುದರ ಹೆಚ್ಚುವರಿ ಖರ್ಚು ಸೇರಿ ೬೦,೦೦೦. ಮನೆಯವರು ಸಾಮಾನ್ಯವಾಗಿ ಎಣಿಸುವುದು ಈ ೨,೧೦,೦೦೦ವನ್ನು. ಆದರೆ ಇಪ್ಪತ್ತನಾಲ್ಕು ತಿಂಗಳ ಸಂಬಳ ೩,೬೦,೦೦೦ವನ್ನು ಅವನು ಬಿಟ್ಟಿದ್ದಾನೆ. ಒಟ್ಟು ವೆಚ್ಚ ೫,೭೦,೦೦೦. ಇದರಲ್ಲಿ ನೂರಕ್ಕೆ ೬೩ ಪಾಲು ಯಾವ ರಸೀತಿಯಲ್ಲೂ ಕಾಣದ ವೆಚ್ಚ.

ಪದವಿಯ ನಂತರ ಅವನಿಗೆ ತಿಂಗಳಿಗೆ ೨೫,೦೦೦ ದೊರೆಯಿತೆನ್ನೋಣ. ಫಲವೆಂದರೆ ಈ ೨೫,೦೦೦ ಅಲ್ಲ. ಓದದೆ ಕೆಲಸದಲ್ಲೇ ಇದ್ದಿದ್ದರೆ ಎರಡು ವರ್ಷದ ಅನುಭವದಿಂದ ಅವನ ಸಂಬಳ ೧೮,೦೦೦ಕ್ಕೆ ಏರುತ್ತಿತ್ತು. ಪದವಿ ತಂದುಕೊಟ್ಟದ್ದು ಇವೆರಡರ ಅಂತರವಾದ ೭,೦೦೦, ವರ್ಷಕ್ಕೆ ೮೪,೦೦೦. ಈ ಅಂತರ ಸ್ಥಿರವಾಗಿ ನಿಂತರೆ ೫,೭೦,೦೦೦ ಹಿಂದಿರುಗಲು ಆರು ವರ್ಷ ಒಂಬತ್ತು ತಿಂಗಳಿಗೂ ತುಸು ಹೆಚ್ಚು ಕಾಲ ಬೇಕು.

ಇನ್ನು ಗಣಕದ ಹಿನ್ನೆಲೆಯಿಲ್ಲದ, ಇಷ್ಟೇ ಸಂಬಳದ ಕೆಲಸವನ್ನು ಬಿಟ್ಟುಬಂದ ಬಿ.ಕಾಂ. ಪದವೀಧರನ ಲೆಕ್ಕ. ಎರಡು ವರ್ಷ ಮುಗಿದರೂ ಅಡಿಪಾಯದ ಕೊರತೆಯಿಂದ ಅವನಿಗೆ ಒಡನೆ ಕೆಲಸ ಸಿಕ್ಕಲಿಲ್ಲ. ಒಂದು ವರ್ಷ ತರಬೇತಿ ಕೇಂದ್ರದಲ್ಲಿ ಕಳೆದ. ಅದರ ಶುಲ್ಕ ೪೦,೦೦೦. ಆ ವರ್ಷ ಬಿಟ್ಟ ಸಂಬಳ, ತಿಂಗಳಿಗೆ ೧೮,೦೦೦ದಂತೆ, ೨,೧೬,೦೦೦. ಅವನ ಒಟ್ಟು ವೆಚ್ಚ ೮,೨೬,೦೦೦ಕ್ಕೆ ಏರಿತು. ಅಂತರ ಅದೇ ೭,೦೦೦ ಎಂದಿಟ್ಟರೂ ವೆಚ್ಚ ಹಿಂದಿರುಗಲು ಒಂಬತ್ತು ವರ್ಷ ಹತ್ತು ತಿಂಗಳು ಬೇಕಾಗುತ್ತದೆ. ಕಾಲೇಜಿನ ವಿವರಣಪತ್ರಿಕೆಯಲ್ಲಿ ಇಬ್ಬರ ಶುಲ್ಕವೂ ಒಂದೇ, ಅವಧಿಯೂ ಒಂದೇ. ಲೆಕ್ಕದಲ್ಲಿ ಇಬ್ಬರ ನಡುವೆ ಮೂರು ವರ್ಷಗಳ ವ್ಯತ್ಯಾಸ.

ಕೈಯಲ್ಲಿ ಯಾವ ಕೆಲಸವೂ ಇಲ್ಲದವನು ಬಿಡುವ ಸಂಬಳ ಶೂನ್ಯವಾದುದರಿಂದ ಅವನಿಗೆ ಪದವಿ ಅಗ್ಗವಾಗಿ ಕಾಣುತ್ತದೆ. ನಿರುದ್ಯೋಗ ಹೆಚ್ಚಿದಾಗ ಸ್ನಾತಕೋತ್ತರ ತರಗತಿಗಳು ತುಂಬುವುದಕ್ಕೆ ಇದೂ ಒಂದು ಕಾರಣವಾಗಬಹುದು. ಬಡ ಮನೆಯ ಸ್ಥಿತಿ ಬೇರೆ. ಅಲ್ಲಿ ಮಗನೋ ಮಗಳೋ ತರುವ ೧೫,೦೦೦ ಕೇವಲ ಗಳಿಸದೆ ಬಿಟ್ಟ ಸಂಬಳವಲ್ಲ. ತಂಗಿಯ ಶಾಲೆಯ ಶುಲ್ಕ, ತಂದೆಯ ಔಷಧ, ಸಂಘದ ಸಾಲದ ಕಂತು ಅದರಲ್ಲಿ ಅಡಗಿರುತ್ತವೆ. ಶೈಕ್ಷಣಿಕ ಸಾಲದಿಂದ ಶುಲ್ಕ ತುಂಬಬಹುದು, ಈ ಕೊರತೆ ತುಂಬದು. ಭಾರತೀಯ ಬ್ಯಾಂಕುಗಳ ಸಂಘ ೨೦೦೧ರಲ್ಲಿ ಮಾದರಿ ಶೈಕ್ಷಣಿಕ ಸಾಲ ಯೋಜನೆಯನ್ನು ರೂಪಿಸಿದ ಮೇಲೆ ಸಾಲ ಸುಲಭವಾಗಿದೆ ನಿಜ; ಓದು ಮುಗಿದು ನಿಯತ ಗಡುವು ಕಳೆಯುವವರೆಗೆ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ. ಎರಡು ಲಕ್ಷದ ಮೇಲೆ ನೂರಕ್ಕೆ ಹತ್ತರಂತೆ ಮೂರು ವರ್ಷದ ಸರಳ ಬಡ್ಡಿಯೇ ಅರವತ್ತು ಸಾವಿರವಾಗುತ್ತದೆ. ಸರ್ಕಾರದ ಬಡ್ಡಿ ಸಹಾಯಕ್ಕೆ ತಾನು ಅರ್ಹನೇ ಎಂಬುದನ್ನು ಸೇರುವ ಮುನ್ನವೇ ಬ್ಯಾಂಕಿನಲ್ಲಿ ವಿಚಾರಿಸಿಕೊಳ್ಳುವುದು ವಿವೇಕ.

೪

ಫಲದ ಕಡೆ ತಿರುಗಿದರೆ ನಮಗೆ ಮೊದಲು ಸಿಗುವ ಆಕರ, ಕಾಲೇಜುಗಳು ಪ್ರವೇಶದ ಕಾಲದಲ್ಲಿ ಹಂಚುವ ಉದ್ಯೋಗಪ್ರಾಪ್ತಿಯ ಪಟ್ಟಿ. ಶಾಸನಗಳನ್ನು ಓದಿ ಪರಿಚಯವಿರುವವರಿಗೆ ಇದರ ಸ್ವರೂಪ ಹೊಸದಾಗಿ ತೋರದು. ನಮ್ಮ ಶಾಸನಗಳಲ್ಲಿ ಪ್ರಶಸ್ತಿಯ ಭಾಗ ಒಂದು, ದತ್ತಿಯ ಭಾಗ ಮತ್ತೊಂದು. ಪ್ರಶಸ್ತಿಯಲ್ಲಿ ರಾಜನು ನಾಲ್ಕು ದಿಕ್ಕುಗಳನ್ನೂ ಗೆದ್ದಿರುತ್ತಾನೆ. ದತ್ತಿಯ ಭಾಗದಲ್ಲಿ ಎಷ್ಟು ಭೂಮಿ, ಯಾವ ಎಲ್ಲೆ, ಯಾವ ತೆರಿಗೆ, ಯಾರು ಸಾಕ್ಷಿ ಎಂಬುದಿರುತ್ತದೆ. ಇತಿಹಾಸಕಾರನು ಮೊದಲನೆಯದನ್ನು ಎಚ್ಚರಿಕೆಯಿಂದಲೂ ಎರಡನೆಯದನ್ನು ವಿಶ್ವಾಸದಿಂದಲೂ ಓದುತ್ತಾನೆ. ಕಾಲೇಜಿನ ಪಟ್ಟಿಯ ಮೊದಲ ಸಾಲಿನಲ್ಲಿರುವ ಅತ್ಯಧಿಕ ಸಂಬಳದ ಅಂಕಿ ಪ್ರಶಸ್ತಿಗೆ ಸೇರಿದ್ದು. ಅದು ಸುಳ್ಳೆಂದಲ್ಲ, ಒಬ್ಬನಿಗೆ ಆ ಸಂಬಳ ಬಂದಿರಬಹುದು. ಆದರೆ ಅದರಿಂದ ಉಳಿದ ಐವತ್ತೊಂಬತ್ತು ಮಂದಿಯ ವಿಷಯ ತಿಳಿಯದು.

ಪಟ್ಟಿಯಲ್ಲಿ ನಾವು ಹುಡುಕತಕ್ಕ ದತ್ತಿಯ ಭಾಗವೆಂದರೆ ಇಷ್ಟು: ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ನಿಯತ ಕಾಲದಲ್ಲಿ ತೇರ್ಗಡೆಯಾದರು, ಕೆಲಸ ಸಿಕ್ಕಿದವರ ಪ್ರಮಾಣವನ್ನು ಸೇರಿದವರ ಮೇಲೆ ಕಟ್ಟಿದೆಯೋ, ಸಂದರ್ಶನಕ್ಕೆ ಹೆಸರು ಕೊಟ್ಟವರ ಮೇಲೆ ಮಾತ್ರವೋ, ಎಲ್ಲರ ಸಂಬಳವನ್ನು ಏರಿಕೆಯ ಕ್ರಮದಲ್ಲಿ ನಿಲ್ಲಿಸಿದರೆ ನಡುವೆ ನಿಲ್ಲುವವನ ಸಂಬಳವೆಷ್ಟು, ಕೆಲಸದ ಕಾಗದ ಸಿಕ್ಕಿದವರಲ್ಲಿ ಎಷ್ಟು ಮಂದಿ ನಿಜವಾಗಿ ಕೆಲಸಕ್ಕೆ ಸೇರಿದರು. ಅರವತ್ತು ಮಂದಿ ಸೇರಿ, ನಲವತ್ತು ಮಂದಿ ಸಂದರ್ಶನಕ್ಕೆ ನಿಂತು, ಮೂವತ್ತಾರು ಮಂದಿಗೆ ಕೆಲಸ ಸಿಕ್ಕಿದರೆ ಅದನ್ನು ನೂರಕ್ಕೆ ತೊಂಬತ್ತು ಎಂದೂ ಹೇಳಬಹುದು, ನೂರಕ್ಕೆ ಅರವತ್ತು ಎಂದೂ ಹೇಳಬಹುದು. ಎರಡೂ ಲೆಕ್ಕ ಸರಿ. ಸೇರಲಿರುವ ವಿದ್ಯಾರ್ಥಿಗೆ ಬೇಕಾದುದು ಎರಡನೆಯದು. ಸ್ಮಿತ್ ಅವರು ವಕೀಲಿವೃತ್ತಿಯನ್ನು ಲಾಟರಿಗೆ ಹೋಲಿಸಿ, ಗೆದ್ದವರ ಸಂಪಾದನೆಯನ್ನು ಸೋತವರ ವೆಚ್ಚದೊಡನೆ ಕೂಡಿಸಿ ನೋಡಬೇಕೆಂದುದು ಈ ಅರ್ಥದಲ್ಲೇ.

ಪ್ರಾರಂಭದ ಸಂಬಳದ ವಿಷಯದಲ್ಲಿ ಬೆಲೆಯ ಏರಿಕೆಯನ್ನು ಮರೆಯಬಾರದು. ದೊಡ್ಡ ಸೇವಾ ಸಂಸ್ಥೆಗಳು ಸಾಮಾನ್ಯ ಹುದ್ದೆಗೆ ಹೊಸಬರಿಗೆ ಕೊಡುವ ವಾರ್ಷಿಕ ಸಂಬಳ ಒಂದು ದಶಕಕ್ಕೂ ಹೆಚ್ಚು ಕಾಲ ಮೂರರಿಂದ ನಾಲ್ಕು ಲಕ್ಷದ ನಡುವೆಯೇ ನಿಂತಿತ್ತು. ಇದೇ ಅವಧಿಯಲ್ಲಿ, ೨೦೧೨ನ್ನು ೧೦೦ ಎಂದಿಟ್ಟ ಗ್ರಾಹಕ ಬೆಲೆ ಸೂಚ್ಯಂಕ ೨೦೨೪ರ ಉತ್ತರಾರ್ಧದಲ್ಲಿ ೧೯೦ನ್ನು ಮೀರಿತು. ಎಂದರೆ ಅಂಕಿ ನಿಂತಲ್ಲೇ ನಿಂತರೂ ಅದರ ಕೊಳ್ಳುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅಣ್ಣನಿಗೆ ೨೦೧೨ರಲ್ಲಿ ಫಲಿಸಿದ ಲೆಕ್ಕವನ್ನು ತಮ್ಮನಿಗೆ ಹಾಗೆಯೇ ಅನ್ವಯಿಸಲಾಗದು.

ಪದವಿ ಕೊಡುವ ಫಲದಲ್ಲಿ ಎರಡು ಬಗೆಯುಂಟು ಎಂಬುದನ್ನೂ ಇಲ್ಲಿ ಹೇಳಬೇಕು. ಒಂದು, ನಿಜವಾಗಿ ಕಲಿತ ವಿದ್ಯೆ. ಮತ್ತೊಂದು, ನೌಕರಿ ಕೊಡುವವರಿಗೆ ಪದವಿಪತ್ರ ನೀಡುವ ಸೂಚನೆ. ಮೈಕೇಲ್ ಸ್ಪೆನ್ಸ್ ಅವರು ೧೯೭೩ರಲ್ಲಿ ಈ ಎರಡನೆಯದನ್ನು ವಿಶ್ಲೇಷಿಸಿದರು: ಅಭ್ಯರ್ಥಿಯ ಯೋಗ್ಯತೆ ನೇರವಾಗಿ ಕಾಣದಿರುವಾಗ, ಕಷ್ಟಪಟ್ಟು ಪಡೆಯಬೇಕಾದ ಪದವಿ ಆ ಯೋಗ್ಯತೆಯ ಚಿಹ್ನೆಯಾಗಿ ಕೆಲಸಮಾಡುತ್ತದೆ. ಅರ್ಜಿಗೆ ಎಂ.ಸಿ.ಎ. ಅಥವಾ ಎಂಜಿನಿಯರಿಂಗ್ ಪದವಿ ಬೇಕೆಂದು ನಿಯಮವಿರುವೆಡೆ ಈ ಚಿಹ್ನೆಯಿಲ್ಲದವನು ಎಷ್ಟು ಬಲ್ಲವನಾದರೂ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಪದವಿಯಿಂದ ಏನೂ ಆಗದು ಎನ್ನುವವರು ಮರೆಯುವ ಅಂಶವಿದು. ನಗರದಲ್ಲಿ ಪರಿಚಯಸ್ಥರಿರುವವನು ಚಿಹ್ನೆಯಿಲ್ಲದೆಯೂ ಒಳಹೋಗಬಲ್ಲ, ಹಳ್ಳಿಯಿಂದ ಬಂದವನಿಗೆ ಪದವಿಪತ್ರವೇ ಪರಿಚಯಪತ್ರ. ಆದರೆ ಚಿಹ್ನೆಯ ಬೆಲೆ ಬಾಗಿಲು ದಾಟುವವರೆಗೆ ಮಾತ್ರ. ಅನಂತರ ನಿಲ್ಲಿಸತಕ್ಕದ್ದು ವಿದ್ಯೆ.

೫

ಕಾಲದ ಪ್ರಶ್ನೆ ಇನ್ನೂ ಉಳಿದಿದೆ. ಎರಡು ವರ್ಷದ ವ್ಯಾಸಂಗಕ್ಕೆ ಸೇರುವವನು ಇಂದಿನ ಮಾರುಕಟ್ಟೆಯನ್ನು ನೋಡಿ ಸೇರುತ್ತಾನೆ. ಎರಡು ವರ್ಷದ ಮೇಲಿನ ಮಾರುಕಟ್ಟೆಗೆ ಹೋಗಿ ನಿಲ್ಲುತ್ತಾನೆ. ಇಸವಿ ೨೦೦೦ದ ದೋಷವನ್ನು ತಿದ್ದುವ ಕೆಲಸದಿಂದ ೧೯೯೯ರಲ್ಲಿ ಗಣಕ ಬಲ್ಲವರಿಗೆ ಎಲ್ಲೆಡೆ ಬೇಡಿಕೆಯಿತ್ತು. ಆ ಭರಾಟೆಯನ್ನು ಕಂಡು ಸೇರಿದವರು ಹೊರಬರುವಷ್ಟರಲ್ಲಿ, ೨೦೦೧ರಲ್ಲಿ, ಅಮೆರಿಕದ ಅಂತರಜಾಲ ವಾಣಿಜ್ಯದ ಗುಳ್ಳೆ ಒಡೆದಿತ್ತು. ೨೦೦೮ರಲ್ಲಿಯೂ ಹೀಗೆಯೇ ಆಯಿತು. ಅಮೆರಿಕದಲ್ಲಿ ೧೯೭೯ರಿಂದ ೧೯೮೯ರ ನಡುವೆ ಪದವಿ ಪಡೆದವರನ್ನು ಕುರಿತು ಲಿಸಾ ಕಾನ್ ಅವರು ೨೦೧೦ರಲ್ಲಿ ಪ್ರಕಟಿಸಿದ ಅಧ್ಯಯನ, ಕೆಟ್ಟ ಕಾಲದಲ್ಲಿ ಹೊರಬಂದವರ ಸಂಬಳ ಬಹು ವರ್ಷಗಳವರೆಗೂ ಹಿಂದೆ ಬಿದ್ದಿತ್ತೆಂದು ತೋರಿಸಿತು. ೨೦೨೨ರ ಕೊನೆಯಿಂದೀಚೆಗೆ ಕೃತಕ ಬುದ್ಧಿಮತ್ತೆಯ ಉಪಕರಣಗಳು ಸಾಮಾನ್ಯ ಕ್ರಮವಿಧಿಗಳನ್ನು ತಾವೇ ಬರೆಯತೊಡಗಿರುವುದು ಈ ಅನಿಶ್ಚಯಕ್ಕೆ ಹೊಸದೊಂದು ಅಂಶವನ್ನು ಕೂಡಿಸಿದೆ.

ಡೇವಿಡ್ ಡೆಮಿಂಗ್ ಮತ್ತು ಕದೀಮ್ ನೋರೇ ಅವರು ೨೦೨೦ರಲ್ಲಿ ಅಮೆರಿಕದ ಅಂಕಿಗಳಿಂದ ಕಂಡುಕೊಂಡ ಇನ್ನೊಂದು ಸಂಗತಿ ನಮಗೆ ಹೆಚ್ಚು ಪ್ರಸ್ತುತ. ಗಣಕ, ಎಂಜಿನಿಯರಿಂಗ್ ಮುಂತಾದ ಅನ್ವಯಿಕ ವಿದ್ಯೆಗಳಿಂದ ಬರುವ ಹೆಚ್ಚುವರಿ ಸಂಪಾದನೆ ವೃತ್ತಿಯ ಆರಂಭದಲ್ಲಿ ಅತ್ಯಧಿಕವಾಗಿದ್ದು, ವರ್ಷಗಳು ಕಳೆದಂತೆ ಕುಗ್ಗುತ್ತದೆ. ಏಕೆಂದರೆ ಕಾಲೇಜಿನಲ್ಲಿ ಕಲಿತ ಕೌಶಲಗಳು ಹಳತಾಗುತ್ತವೆ. ಮೇಲಿನ ನಮ್ಮ ಮೊದಲ ನಿದರ್ಶನಕ್ಕೆ ಇದನ್ನು ಅನ್ವಯಿಸಿ ನೋಡಬಹುದು. ಮೂರು ವರ್ಷದ ನಂತರ ೭,೦೦೦ದ ಅಂತರ ೧೫,೦೦೦ಕ್ಕೆ ಏರಿದರೆ ವೆಚ್ಚವೆಲ್ಲ ನಾಲ್ಕು ವರ್ಷ ಒಂಬತ್ತು ತಿಂಗಳ ಸುಮಾರಿಗೆ ಹಿಂದಿರುಗುತ್ತದೆ. ಅದು ೪,೦೦೦ಕ್ಕೆ ಇಳಿದರೆ ಒಂಬತ್ತೂವರೆ ವರ್ಷ ಮೀರುತ್ತದೆ. ಅಂತರವನ್ನು ಏರಿಸತಕ್ಕ ಶಕ್ತಿ ಯಾವುದು? ಒಂದು ಭಾಷೆಯ ಬಳಕೆ ಹಳತಾದಾಗ ಮತ್ತೊಂದನ್ನು ಬೇಗ ಕಲಿಯುವ ಸಾಮರ್ಥ್ಯ. ಆ ಸಾಮರ್ಥ್ಯ ಬರುವುದು ಗಣಿತದಿಂದ, ತರ್ಕದಿಂದ, ಯಂತ್ರದ ಮೂಲರಚನೆಯ ತಿಳಿವಳಿಕೆಯಿಂದ. ಹಿಂದಿನ ಮೊದಲ ವರ್ಷ ಹೇಳಿಕೊಡುತ್ತಿದ್ದುದು ಇವನ್ನೇ. ಉಳಿತಾಯಕ್ಕಾಗಿ ತೆಗೆದ ವರ್ಷ, ದೀರ್ಘಕಾಲದ ಫಲವನ್ನು ಕಾಪಾಡುವ ವರ್ಷವೂ ಆಗಿತ್ತು.

೬

ಈ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ವಿದ್ಯೆಯನ್ನು ರೂಪಾಯಿಯಲ್ಲಿ ಅಳೆಯುವುದೇ ತಪ್ಪೆಂಬುದು ಮೊದಲನೆಯದು. ಇದು ಸ್ವಂತ ಹಣದಿಂದ ಓದುವವರಿಗೆ ಒಪ್ಪುವ ಮಾತು. ಜಮೀನಿನ ಪತ್ರವನ್ನೋ ತಾಯಿಯ ಒಡವೆಯನ್ನೋ ಅಡವಿಟ್ಟು ಓದುವವನಿಗೆ ಲೆಕ್ಕ ಹಾಕಬೇಡವೆಂದು ಬೋಧಿಸುವ ಅಧಿಕಾರ ನಮಗಿಲ್ಲ. ಹಳೆಯ ಮೂರು ವರ್ಷಕ್ಕೇ ಮರಳಬೇಕೆಂದು ನಾವು ಹೇಳುತ್ತಿದ್ದೇವೆಯೇ ಎಂಬುದು ಎರಡನೆಯದು. ಹಾಗಲ್ಲ. ಬಿ.ಸಿ.ಎ. ಓದಿದವನನ್ನು ಬೇಡದ ಒಂದು ವರ್ಷ ಕೂರಿಸುವುದು ಅನ್ಯಾಯವೇ ಸರಿ. ನಾವು ಕೇಳುವುದು, ಹೊರಗಿನಿಂದ ಬಂದವನ ಸೇತುಪಾಠ ಹೆಸರಿಗೆ ಮಾತ್ರ ಆಗದೆ, ನಿಜವಾದ ಅಧ್ಯಾಪಕರು, ಪ್ರಯೋಗಶಾಲೆ, ಪರೀಕ್ಷೆಗಳಿಂದ ಕೂಡಿರಲಿ ಎಂಬುದನ್ನು. ಅದನ್ನು ತರಗತಿ ಆರಂಭವಾಗುವ ಮುನ್ನಿನ ಬೇಸಿಗೆಯಲ್ಲಿ, ಸಾಧ್ಯವಾದರೆ ಪದವಿಯ ಕಡೆಯ ವರ್ಷದಲ್ಲೇ, ಹೆಚ್ಚಿನ ಶುಲ್ಕವಿಲ್ಲದೆ ನಡೆಸಬಹುದಾಗಿದೆ. ಎರಡನೆಯದಾಗಿ, ಪ್ರತಿಯೊಂದು ಕಾಲೇಜೂ ಸೇರಿದವರೆಲ್ಲರ ಮೇಲೆ ಕಟ್ಟಿದ ಉದ್ಯೋಗ ಪ್ರಮಾಣವನ್ನೂ ನಡುವಿನವನ ಸಂಬಳವನ್ನೂ, ಬಿ.ಸಿ.ಎ.ಯಿಂದ ಬಂದವರಿಗೂ ಇತರರಿಗೂ ಬೇರೆಬೇರೆಯಾಗಿ, ಪ್ರಕಟಿಸುವಂತೆ ವಿಶ್ವವಿದ್ಯಾನಿಲಯಗಳು ವಿಧಿಸಬೇಕು.

ಅಲ್ಲಿಯವರೆಗೆ ಸಲಹೆ ಕೊಡಬೇಕಾದ ಅಧ್ಯಾಪಕರು ವಿದ್ಯಾರ್ಥಿಯನ್ನು ಕೇಳತಕ್ಕ ಪ್ರಶ್ನೆಗಳು ಸರಳವಾದುವು. ನಿನ್ನ ಹಿಂದಿನ ಪದವಿ ಯಾವುದು? ಈಗ ಕೈಯಲ್ಲಿರುವ ಕೆಲಸ ಯಾವುದು, ಅದು ಎರಡು ವರ್ಷದಲ್ಲಿ ಎಲ್ಲಿಗೆ ಒಯ್ಯುತ್ತದೆ? ನಿನ್ನ ಸಂಬಳವಿಲ್ಲದೆ ಮನೆ ಮೂರು ವರ್ಷ ನಡೆದೀತೆ? ಸೇರಲಿರುವ ಕಾಲೇಜಿನಲ್ಲಿ ನಿನ್ನಂಥ ಹಿನ್ನೆಲೆಯವರು ಎಷ್ಟು ಮಂದಿ ಓದಿದರು, ಈಗ ಎಲ್ಲಿದ್ದಾರೆ? ಈ ಪ್ರಶ್ನೆಗಳಿಗೆ ಸಮಾಧಾನಕರವಾದ ಉತ್ತರವುಳ್ಳ ಬಿ.ಸಿ.ಎ. ಪದವೀಧರನಿಗೆ, ಸರ್ಕಾರಿ ಅಥವಾ ವಿಶ್ವವಿದ್ಯಾನಿಲಯದ ಕಾಲೇಜಿನಲ್ಲಿ ಕಡಿಮೆ ಶುಲ್ಕದ ಸ್ಥಾನ ದೊರೆತರೆ, ಎಂ.ಸಿ.ಎ. ಒಳ್ಳೆಯ ಬಂಡವಾಳವೆಂದೇ ನಮ್ಮ ಅಭಿಪ್ರಾಯ. ಇತರ ಶಾಖೆಯವನಿಗೂ ಅದು ಫಲಿಸಬಹುದು. ಆದರೆ ಅವನು ಮೂರು ವರ್ಷದ ಹಣವನ್ನೂ ಮೂರು ವರ್ಷದ ತಾಳ್ಮೆಯನ್ನೂ ಸಿದ್ಧಮಾಡಿಕೊಂಡು, ಮೊದಲ ತಿಂಗಳಿನಿಂದಲೇ ಅಡಿಪಾಯದ ಪಾಠಗಳಿಗೆ ಕೈಹಾಕಬೇಕು. ಎರಡು ವರ್ಷವೆಂಬ ಮಾತನ್ನು ನಂಬಿ ಎರಡೇ ವರ್ಷದ ಬುತ್ತಿ ಕಟ್ಟಿಕೊಂಡು ಹೊರಟವನು ದಾರಿಯ ನಡುವೆ ಹಸಿಯುತ್ತಾನೆ. ಈ ಸಂಗತಿಯನ್ನು ಹೊರಡುವ ಮುನ್ನವೇ ಅವನಿಗೆ ತಿಳಿಸುವುದು ಅಧ್ಯಾಪಕರಾದವರ ಕರ್ತವ್ಯವಾಗಿದೆ.